ನಿದ್ದೆ ಡಾಕ್ಟರು ಮತ್ತು ಪಾಲಾದ ಲ್ಯಾಪ್‌ಟಾಪು

ನಮ್ಮ ಮನೆಯವರನ್ನು ಈ ಬೀದಿಯಲ್ಲಿ ಎಲ್ಲರೂ ನಿದ್ದೆ ಡಾಕ್ಟರು ಎನ್ನುತ್ತಾರೆ. ಒಮ್ಮೆ ಒಬ್ಬ ಮುದುಕರು ಇದನ್ನು ನಂಬಿ, ಏದುಸಿರು ಬಿಡುತ್ತಾ ನಮ್ಮ ಮೆಟ್ಟಿಲು ಹತ್ತಿ ಬಂದು, ವಾರಗಟ್ಟಲೆಯಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲವೆಂದು ನಾಲಿಗೆ ಚಾಚಿ ತೋರಿಸಿದ್ದರು. ಇವರು ರಿಪೇರಿ ಮಾಡುವುದು ಲ್ಯಾಪ್‌ಟಾಪುಗಳನ್ನು. ಹೆಸರು ಬಂದದ್ದು ಕೆಲಸ ಮಾಡುವ ರೀತಿಯಿಂದ. ಕೆಟ್ಟದ್ದನ್ನು ಮೇಜಿನ ಮೇಲೆ ಬಿಚ್ಚಿ, ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳಕ್ಕೆ ಹಾಕಿ, ಕೈಕಟ್ಟಿ ಕೂತು ಕಣ್ಣು ಅರ್ಧ ಮುಚ್ಚುತ್ತಾರೆ. ಗಿರಾಕಿ ಎದುರಿಗೆ ನಿಂತಿದ್ದರೂ ಅಷ್ಟೆ. ಗೊರಕೆಯೊಂದು ಬಾಕಿ. ಪಾಪ, ಇವರಿಗೆ ಮೈ ಹುಷಾರಿಲ್ಲವೇ ಎಂದು ಜನ ನನ್ನನ್ನು ಕೇಳುತ್ತಾರೆ. ಹುಷಾರಾಗೇ ಇದ್ದಾರೆ, ಯೋಚನೆ ಮಾಡುತ್ತಿದ್ದಾರೆ ಎಂದು ಹೇಳುತ್ತಾ ಚಾರ್ಜರು ಮಾರುವುದು ನನ್ನ ಕೆಲಸ.

ಯಂತ್ರ ಏನಾದರೂ ಕೇಳಿದರೆ ತಟ್ಟನೆ ಹೂಂ ಅನ್ನಬಾರದು ಎಂಬುದು ಇವರ ಒಂದೇ ಒಂದು ಶಾಸ್ತ್ರ. ಮನುಷ್ಯರು ಕೇಳಿದರೂ ಅದೇ ಶಾಸ್ತ್ರ ಎನ್ನುವುದು ನನ್ನ ಕರ್ಮ. ಮದುವೆಯಾಗೋಣವಾ ಎಂದು ಕೇಳಿದವಳು ನಾನೇ. ಮಹಾರಾಯರು ಉತ್ತರ ಕೊಟ್ಟದ್ದು ಮುಂದಿನ ತಿಂಗಳು, ಅದೂ ನಾನು ಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯ ಕೆಳಗೆ ನಿಂತು. ಊರಿಗೆ ಊರೇ ಕೇಳಿಸಿಕೊಂಡಿತು.

ನಮ್ಮ ಅಂಗಡಿ ಮಹಡಿಯ ಮೇಲೆ. ಕೆಳಗಿನ ಡ್ರೈಕ್ಲೀನಿಂಗಿನವರ ಹಬೆ ಏರಿ ನಮ್ಮ ಕಿಟಕಿಯ ಗಾಜಿಗೆ ಕೂರುತ್ತದೆ. ಮಧ್ಯಾಹ್ನದ ಬಿಸಿಲು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹಾಲು ಬೆರೆಸಿದಂತೆ ಮೆತ್ತಗಾಗಿರುತ್ತದೆ. ಬೀದಿಯ ಸದ್ದೂ ದೂರದಿಂದೆಲ್ಲೋ ಬಂದಂತೆ ಕೇಳುತ್ತದೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೂ ಎಚ್ಚರ ಯಾವುದು, ಜೊಂಪು ಯಾವುದು ಎಂದು ತಿಳಿಯುವುದಿಲ್ಲ. ಅಂಥ ಒಂದು ಹೊತ್ತಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಹಳೆಯ, ಇಟ್ಟಿಗೆಯಷ್ಟು ಭಾರದ ಲ್ಯಾಪ್‌ಟಾಪೊಂದನ್ನು ಎದೆಗವಚಿಕೊಂಡು ಬಂದಳು. ಸತ್ತುಹೋದ ಅಪ್ಪನದಂತೆ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತಿತ್ತು: ಜೋಡಿಸಿದ ಡಿಸ್ಕುಗಳು ವಿಫಲವಾಗಿವೆ, ಹೊಸದಾಗಿ ಜೋಡಿಸಲೇ? ಹೂಂ ಒತ್ತಲು ಹುಡುಗಿ ಬೆರಳು ಚಾಚಿದ್ದಳು. ಇವರು ಮೆಲ್ಲಗೆ ಅವಳ ಕೈ ಸರಿಸಿದರು.

ತಳ ಬಿಚ್ಚಿದರೆ, ಫೋಟೋ ಗೀಟೋ ಕೂಡಿಡುವ ಡಿಸ್ಕು ಎರಡು ಇರಬೇಕಾದ ಕಡೆ ಒಂದೇ ಇತ್ತು. ಇನ್ನೊಂದು ಗೂಡು ಖಾಲಿ. ಇನ್ನೊಂದು ಎಲ್ಲಿ ಎಂದು ಕೇಳಿದರು. ಹುಡುಗಿ ನೆಲ ನೋಡಿದಳು.

"ಅಣ್ಣನ ಹತ್ರ ಇದೆ. ಪಾಲು ಮಾಡ್ಕೊಂಡ್ವಿ."

ಆಮೇಲೆ ವಿಷಯ ಬಿಡಿಸಿ ಹೇಳಿದಳು. ಅಪ್ಪ ಬ್ರೆಡ್ ಮಾಡುವ ಬೇಕರಿಯಲ್ಲಿದ್ದ. ಮಕ್ಕಳು ಏಳುವ ಮುಂಚೆ ಕೆಲಸಕ್ಕೆ ಹೋಗುತ್ತಿದ್ದ, ಅವರು ಶಾಲೆಯಿಂದ ಬರುವ ಹೊತ್ತಿಗೆ ಮಲಗಿರುತ್ತಿದ್ದ. ಎದ್ದರೂ ಮಾತಿಲ್ಲ ಕತೆಯಿಲ್ಲ. ಕೊನೆಗಾಲದಲ್ಲಿ ಮಾತ್ರ ಈ ಲ್ಯಾಪ್‌ಟಾಪು ತೋರಿಸಿ, ಇದರಲ್ಲಿರುವ ಫೋಟೋಗಳು ಇಬ್ಬರಿಗೂ ಸಮ ಎಂದನಂತೆ. ಅಪ್ಪ ಹೋದ ಮೇಲೆ ಮನೆಯ ವಿಚಾರಕ್ಕೆ ಅಣ್ಣ ತಂಗಿಗೆ ಜಗಳ ಬಿತ್ತು. ಪಾತ್ರೆ ಹಂಚಿಕೊಂಡರು, ಮಂಚ ಹಂಚಿಕೊಂಡರು. ಲ್ಯಾಪ್‌ಟಾಪಿನಲ್ಲಿ ಎರಡು ಡಿಸ್ಕು ಕಂಡಿತು. ಅರ್ಧ ಫೋಟೋ ನಿನಗೆ, ಅರ್ಧ ನನಗೆ ಎಂದು ಅಣ್ಣ ಒಂದನ್ನು ಕಿತ್ತುಕೊಂಡು ಹೋದ. ಮಾತು ಬಿಟ್ಟಿದ್ದಾರೆ. ಸದ್ಯ, ಗರಗಸ ಹಿಡಿದು ಕೊಯ್ಯಲಿಲ್ಲವಲ್ಲ ಎಂದುಕೊಂಡೆ.

ಜಿಪ್ಪಿನ ಒಂದು ಪಕ್ಕದ ಹಲ್ಲು ನಿನ್ನ ಹತ್ತಿರ, ಇನ್ನೊಂದು ಪಕ್ಕದ್ದು ಅಣ್ಣನ ಹತ್ತಿರ ಎಂದು ಇವರು ವಿವರಿಸಿದರು. ಒಂದೊಂದು ಫೋಟೋವನ್ನೂ ತುಂಡು ತುಂಡು ಮಾಡಿ, ಒಂದು ಇಲ್ಲಿ ಒಂದು ಅಲ್ಲಿ ಎಂದು ಬರೆದಿರುತ್ತದಂತೆ. ಎರಡೂ ಸೇರದೆ ಒಂದು ಮುಖವೂ ಪೂರ್ತಿ ಕಾಣದು. ಅಷ್ಟು ಕಷ್ಟವಾದರೆ ಬಿಟ್ಟುಬಿಡಮ್ಮ ಎಂದೆ ನಾನು. ನನ್ನ ಬಾಯಿಗಿಷ್ಟು ಮಣ್ಣು ಹಾಕ.

"ಅಪ್ಪ ನನ್ನ ಮುಖ ನೆಟ್ಟಗೆ ನೋಡಿದ್ದೇ ನೆನಪಿಲ್ಲ ಅಕ್ಕ," ಎಂದಳು. "ಆ ಮನುಷ್ಯ ಏನನ್ನ ನೋಡ್ತಿದ್ದ ಅಂತಾದ್ರೂ ಗೊತ್ತಾಗ್ಲಿ."

ಅಣ್ಣನಿಗೆ ಫೋನು ಮಾಡಿದವಳು ನಾನು. ಲಿಫ್ಟು ರಿಪೇರಿ ಮಾಡುವ ಆಸಾಮಿ. ಕೆಲಸವಿದೆ, ಪುರುಸೊತ್ತಿಲ್ಲ ಎಂದ. ಜನರನ್ನು ಮೇಲೆ ಕೆಳಗೆ ಕಳಿಸಿದ್ದು ಸಾಕು, ನೀನೂ ಒಮ್ಮೆ ಮೆಟ್ಟಿಲು ಹತ್ತು ಎಂದು ಬೈದೆ. ಮಾರನೆಯ ದಿನ ಬಂದ. ಊಟದ ಡಬ್ಬಿಯೊಳಗೆ ಕಾಲುಚೀಲದಲ್ಲಿ ಸುತ್ತಿದ ಡಿಸ್ಕು. ತಂಗಿ ಕಿಟಕಿಯ ಕಡೆ ತಿರುಗಿ ಕೂತಳು. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ. ನಮ್ಮ ಅಂಗಡಿ ಅಷ್ಟು ದೊಡ್ಡದಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಇವರು ಡಿಸ್ಕನ್ನು ನೋಡಿ ಕಣ್ಣು ಅರ್ಧ ಮುಚ್ಚಿದರು. ಆಮೇಲೆ, ಇದನ್ನು ಬೇರೆಲ್ಲಾದರೂ ಹಾಕಿದ್ದೆಯಾ ಎಂದರು. ಅವನು ಬೆವರು ಒರೆಸಿಕೊಂಡ.

"ಇದು ಖಾಲಿ ಇದೆ, ಸಿದ್ಧ ಮಾಡ್ಲಾ ಅಂತ ಕೇಳ್ತು. ನಾನು ಹೂಂ ಅಂದ್ಬಿಟ್ಟೆ."

ತಂಗಿಯ ಬೆನ್ನು ಸೆಟೆದುಕೊಂಡಿತು. ಅಳಿಸಿಯೇಬಿಟ್ಟನಾ ಎಂದು ಕೇಳಿ ಅಕ್ಕ, ಎಂದಳು ನನಗೆ. ಅವನು ಎರಡು ಮಾರು ದೂರದಲ್ಲಿದ್ದಾನೆ, ಮಧ್ಯದಲ್ಲಿ ನಾನು ತಂತಿ ಕಂಬ. ನನಗೂ ರೇಗಿತು. ಮುಟ್ಟಿದ್ದನ್ನೆಲ್ಲ ಹಾಳು ಮಾಡುವ ಕೈ ಎಂದು ಅವನಿಗೆ ಹೇಳಿಯೂಬಿಟ್ಟೆ. ಅವನು ತಲೆ ತಗ್ಗಿಸಿದ್ದನ್ನು ನೋಡಿ, ಆಡಬಾರದಿತ್ತು ಎನಿಸಿತು. ಇವರು ಮಾತ್ರ, ಹೂಂ ಅಂದ ಮೇಲೆ ಅದರಲ್ಲಿ ಏನನ್ನಾದರೂ ತುಂಬಿದೆಯಾ ಎಂದು ವಿಚಾರಿಸಿದರು. ಇಲ್ಲ ಎಂದ.

"ಹಾಗಾದ್ರೆ ಬಾಗಿಲ ಮೇಲಿನ ಹೆಸರು ಅಳಿಸಿದೆ," ಎಂದರು ಇವರು. "ಒಳಗಿರೋರು ಹೆಚ್ಚುಕಮ್ಮಿ ಒಳಗೇ ಇರ್ತಾರೆ. ಹುಡುಕ್ಬೇಕು."

ಎರಡೂ ಡಿಸ್ಕುಗಳ ನಕಲು ಮಾಡಿ, ಅಸಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಕಲಿನ ಮೇಲೇ ಪ್ರಯೋಗ. ತುಂಡು ಎಷ್ಟು ದೊಡ್ಡದು, ಯಾವ ಡಿಸ್ಕು ಮೊದಲು ಎಂದು ಊಹಿಸಬೇಕು. ಒಂದು ಊಹೆಗೆ ಅರ್ಧ ದಿನ ಹುಡುಕಾಟ. ಅಣ್ಣ ತಂಗಿ ಇಬ್ಬರೂ ಕೆಲಸ ಮುಗಿಸಿ ಸಂಜೆ ಸಂಜೆ ಬರುತ್ತಿದ್ದರು. ತಾನು ಇಲ್ಲದಾಗ ಇನ್ನೊಬ್ಬರು ನೋಡಿಬಿಟ್ಟರೆ ಎಂಬ ಭಯ. ನಾನು ಇಬ್ಬರಿಗೂ ಚಹಾ ಕೊಡುತ್ತಿದ್ದೆ. ಪರದೆಯ ಮೇಲೆ ಫೋಟೋಗಳು ಮೂಡುತ್ತಿದ್ದವು. ಮೇಲ್ಗಡೆ ಬೆರಳಗಲ ಚಿತ್ರ, ಕೆಳಗೆ ಬರೀ ಬೂದು ಬಣ್ಣ. ಒಂದಾದ ಮೇಲೊಂದು ತೇಲಿ ಬಂದವು, ಎಲ್ಲದರಲ್ಲೂ ಅದೇ ತೆಳುನೀಲಿ ಗೋಡೆ, ಅದೇ ಗೋಡೆಯ ಅದೇ ಬಿರುಕು. ನಾನು ನೋಡುತ್ತಾ ನೋಡುತ್ತಾ ಎಲ್ಲಿದ್ದೇನೆಂಬುದನ್ನೇ ಮರೆತೆ. ಒಂದು ನೀಲಿಯಲ್ಲಿ ಸೂರ್ಯ ಹುಟ್ಟಿರಲಿಲ್ಲ, ಇನ್ನೊಂದರಲ್ಲಿ ಯಾವುದೋ ದೀಪದ ಹಳದಿ ಹರಡಿತ್ತು.

"ಗೋಡೆ ಫೋಟೋ ತೆಗೀತಿದ್ನಾ ಅಪ್ಪ," ಎಂದ ಅಣ್ಣ. ಅದು ಅವರಿಬ್ಬರೂ ಚಿಕ್ಕಂದಿನಲ್ಲಿ ಮಲಗುತ್ತಿದ್ದ ಕೋಣೆಯ ಗೋಡೆ ಎಂದು ತಂಗಿ ನನ್ನ ಕಿವಿಯಲ್ಲಿ ಹೇಳಿದಳು.

ಇವರು ಒಂದು ಇಡೀ ಮಧ್ಯಾಹ್ನ ಕಣ್ಣು ಮುಚ್ಚಿ ಕೂತರು. ಕೆಳಗಿನ ಇಸ್ತ್ರಿಯ ಹಬೆ ಬುಸ್ಸೆನ್ನುತ್ತಿತ್ತು. ಈ ಸಲ ನಿಜವಾಗಿಯೂ ಮಲಗಿಬಿಟ್ಟರು ಎಂದುಕೊಂಡು ನಾನು ಫ್ಯಾನು ಜೋರು ಮಾಡಲು ಎದ್ದರೆ, ಕಣ್ಣು ಬಿಟ್ಟು, ನಾನು ಹಿರಿಯವನೆಂದು ಅಣ್ಣನ ಡಿಸ್ಕನ್ನೇ ಮೊದಲು ಇಡುತ್ತಿದ್ದೆನಲ್ಲ, ತಂಗಿಯದು ಮೊದಲಿರಬಹುದು, ಎಂದರು. ಅದಲು ಬದಲು ಮಾಡಿದರು. ತುಂಡಿನ ಅಳತೆ ಇಮ್ಮಡಿ ಮಾಡಿದರು.

ಸಂಜೆ ಅವರಿಬ್ಬರೂ ಬಂದು ಕೂತಾಗ ಮೊದಲ ಫೋಟೋ ಪೂರ್ತಿ ಇಳಿಯಿತು. ಗೋಡೆ, ಗೋಡೆಯ ಕೆಳಗೆ ಮಂಚ, ಮಂಚದ ಮೇಲೆ ಒಂದೇ ಕಂಬಳಿಯೊಳಗೆ ಇಬ್ಬರು ಮಕ್ಕಳು. ಗಾಢ ನಿದ್ದೆ. ಮುಂದಿನದೂ ಅದೇ. ಒಂದರಲ್ಲಿ ಹುಡುಗನ ಕಾಲು ಹುಡುಗಿಯ ಹೊಟ್ಟೆಯ ಮೇಲೆ. ಒಂದರಲ್ಲಿ ಹುಡುಗಿ ಪೂರ್ತಿ ಕಂಬಳಿ ಎಳೆದುಕೊಂಡಿದ್ದಾಳೆ. ಹಲ್ಲು ಬಿದ್ದ ಬಾಯಿ, ಬೋಳಿಸಿದ ತಲೆ, ಜ್ವರದ ಪಟ್ಟಿ. ಮಕ್ಕಳು ಮಲಗಿಕೊಂಡೇ ಬೆಳೆಯುತ್ತಿದ್ದರು. ಬೇಕರಿಗೆ ಹೊರಡುವ ಮುಂಚೆ ದಿನವೂ ಆ ಮನುಷ್ಯ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ನನಗೆ ಅಳು ತಡೆಯಲಾಗಲಿಲ್ಲ. ಕೆಲವು ಅರ್ಧಕ್ಕೇ ನಿಂತವು, ಅಣ್ಣನ ಹೂಂ ನುಂಗಿದಂಥವು. ಅವು ಬಂದಾಗಲೆಲ್ಲ ಅವನು ಕಣ್ಣು ತಗ್ಗಿಸುತ್ತಿದ್ದ. ಇಬ್ಬರೂ ಒಟ್ಟಿಗಿಲ್ಲದ ಫೋಟೋ ಒಂದೂ ಇರಲಿಲ್ಲ.

ಹಾಗೇ ಒಂದು ಬಂತು. ಹುಡುಗ ಮಗ್ಗುಲಾಗಿ ಮಲಗಿದ್ದಾನೆ. ಪಕ್ಕದಲ್ಲಿ ಹುಡುಗಿ ಕಣ್ಣು ಬಿಟ್ಟಿದ್ದಾಳೆ, ನೇರವಾಗಿ ಫೋಟೋ ತೆಗೆಯುವವನನ್ನೇ ನೋಡಿ ನಗುತ್ತಿದ್ದಾಳೆ.

ಔಷಧಿ ಅಂಗಡಿಯ ಹುಡುಗಿ ಎದ್ದು ನಿಂತಳು. ಚಿಕ್ಕವಳಿದ್ದಾಗ ಎಷ್ಟೋ ಸಲ ಅಪ್ಪ ಮಂಚದ ಹತ್ತಿರ ಬಗ್ಗಿ ನಗುತ್ತಿದ್ದ ಹಾಗೆ, ಬಾಯಿಯ ಮೇಲೆ ಬೆರಳಿಟ್ಟು ಮಲಗು ಎಂದು ಸನ್ನೆ ಮಾಡಿದ ಹಾಗೆ ಕಂಡಿತ್ತಂತೆ. ಬೆಳಿಗ್ಗೆ ಎದ್ದರೆ ಯಾರೂ ಇರುತ್ತಿರಲಿಲ್ಲವಂತೆ.

"ಕನಸು ಅಂದ್ಕೊಂಡಿದ್ದೆ," ಎಂದಳು. "ಇಷ್ಟು ವರ್ಷ ಕನಸು ಅಂತಲೇ ಅಂದ್ಕೊಂಡಿದ್ದೆ."

ಅಣ್ಣ ಬಾಗಿಲ ಬಳಿಯಿಂದ ಎದ್ದು ಬಂದು ಪರದೆಗೆ ಮುಖ ಹಚ್ಚಿ ನೋಡಿದ. ಹಿಂದಿನ ಫೋಟೋಗಳಿಗೆ ಹೋದ, ಮುಂದಿನವಕ್ಕೆ ಹೋದ. ಒಂದೊಂದರಲ್ಲೂ ತನ್ನ ಕಣ್ಣು ಮುಚ್ಚಿಯೇ ಇತ್ತು. ಅಷ್ಟು ದೊಡ್ಡ ಆಳು, ಚಿಕ್ಕ ಹುಡುಗನ ಹಾಗೆ ತಂಗಿಯ ಕಡೆ ತಿರುಗಿದ.

"ನೀನು ಎದ್ದಿದ್ಯಲ್ಲೇ," ಎಂದ. "ನನ್ನನ್ಯಾಕೆ ಎಬ್ಬಿಸ್ಲಿಲ್ಲ?"