ಹುಣಸೆಮರದ ಕೆಳಗೆ ಐದು ಜನ

ಅಥವಾ ಡಾಕ್ಟರಮ್ಮ ಬಂದ ಜೀಪು ಹಸಿರಾಗಿರಲೇ ಇಲ್ಲವೇನೋ. ಅಕ್ಕನನ್ನು ಕೇಳಿದರೆ ಬಿಳಿ ಜೀಪು ಎನ್ನುತ್ತಾಳೆ, ಅವಳ ಮಾತೇ ನಿಜವಿರಬಹುದು. ನಾನು ಚಿಕ್ಕವಳಿದ್ದಾಗ ನನಗೆ ನಾಲ್ಕು ಮಾರು ಆಚೆಗಿನ ಲೋಕ ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಆ ದಿನದಲ್ಲಿ ದೂರ ಇದ್ದದ್ದಕ್ಕೆಲ್ಲ ನಾನು ಆಮೇಲೆ ಯಾರುಯಾರದೋ ಬಾಯಿಂದ ಕೇಳಿ ಬಣ್ಣ ಹಚ್ಚಿಕೊಂಡಿದ್ದೇನೆ. ಹತ್ತಿರದ್ದು ಮಾತ್ರ ನನ್ನದು. ಜೀಪಿನ ಬಿಸಿ ಪೆಟ್ರೋಲಿನ ವಾಸನೆ ನನ್ನದು. ಡಾಕ್ಟರಮ್ಮನ ಬೆರಳಿನ ಸ್ಪಿರಿಟ್ ವಾಸನೆ, ನನ್ನ ರೆಪ್ಪೆಯನ್ನು ಎತ್ತಿ ಹಿಡಿದ ಅವರ ಹೆಬ್ಬೆರಳಿನ ತಂಪು, ಅದೂ ನನ್ನದು. ಜೀಪಿನ ಬಣ್ಣ ನನ್ನದಲ್ಲ. ಮೊಮ್ಮಕ್ಕಳೇ, ಇದನ್ನು ಓದುವಾಗ ಅಷ್ಟನ್ನು ಮರೆಯಬೇಡಿ.

ಇದನ್ನು ಈಗ ಬರೆಯುತ್ತಿರುವುದು ಸಿಟ್ಟಿನಿಂದ. ಹೋದ ತಿಂಗಳು ಹಿಂದೂಪುರದಲ್ಲಿ ಡಾಕ್ಟರಮ್ಮನ ಶ್ರದ್ಧಾಂಜಲಿ ಸಭೆ ಇತ್ತು. ಪರಿಗಿಯಿಂದ ನಾನು ನಿಮ್ಮನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಫೋಟೋಗೆ ಕನಕಾಂಬರದ ಹಾರ ಹಾಕಿದ್ದರು. ಊರೂರಿನ ಶಾಲೆಗೆ ಹೋಗಿ ಮಕ್ಕಳ ಕಣ್ಣು ನೋಡಿದ ಡಾಕ್ಟರು ಅವರು. ಆ ಸಭೆಯಲ್ಲಿ ಅರ್ಧ ಜನ ಕನ್ನಡಕ ಹಾಕಿಕೊಂಡು ಕೂತಿದ್ದೆವು. ವೇದಿಕೆ ಮೇಲಿದ್ದವರು ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು, ಮೃದುಭಾಷಿ ಎಂದರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಪಕ್ಕದಲ್ಲಿದ್ದ ನಿಮ್ಮಲ್ಲೊಬ್ಬಳು ನನ್ನ ಸೆರಗು ಜಗ್ಗಿ, "ಅಜ್ಜೀ, ಅವ್ರು ಅಷ್ಟೊಂದು ಸಾಫ್ಟಾ?" ಎಂದು ಕೇಳಿದಳು.

ಎದ್ದು ನಿಂತು ಅಲ್ಲ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಡಾಕ್ಟರಮ್ಮ ಜಗಳಗಂಟಿ. ಅವರು ನನ್ನ ಅಪ್ಪನ ಮನಸ್ಸನ್ನು ನೋಯಿಸಿದರು, ಅದೂ ಊರ ಮುಂದೆ, ಬೇಕೆಂದೇ. ಅದಕ್ಕಾಗಿಯೇ ನಾನು ಅವರನ್ನು ಪ್ರೀತಿಸಿದ್ದು. ಅವರ ಹಲ್ಲು ಕಿತ್ತು ಹಾರ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ನಮ್ಮದು ಕಲ್ಯಾಣದುರ್ಗದ ಹತ್ತಿರದ ಒಂದು ಕಡಲೆಕಾಯಿ ಊರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಶಾಲೆ ಎಂದರೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ನಾನು ಮೂರನೇ ತರಗತಿಯ ಸಾಲಿನಲ್ಲಿ, ನನ್ನ ಹಿಂದೆಯೇ ಐದನೇ ತರಗತಿಯ ಸಾಲಿನಲ್ಲಿ ಅಕ್ಕ. ಬೋರ್ಡಿನ ಮೇಲೆ ಬರೆದದ್ದನ್ನು ಅಕ್ಕ ನನ್ನ ಕಿವಿಗೆ ಉಸುರುತ್ತಿದ್ದಳು, ನಾನು ಸ್ಲೇಟಿನಲ್ಲಿ ಬರೆಯುತ್ತಿದ್ದೆ. ಇದು ಮೋಸ ಎಂದು ಇಬ್ಬರಿಗೂ ಅನಿಸಿರಲಿಲ್ಲ. ಬೋರ್ಡು ಎಲ್ಲರಿಗೂ ಹಾಗೇ, ಕಪ್ಪು ಮೋಡದ ಹಾಗೆ ಕಾಣುತ್ತದೆ, ಅಕ್ಕ ದೊಡ್ಡವಳಾದ್ದರಿಂದ ಮೋಡವನ್ನೂ ಓದುತ್ತಾಳೆ ಎಂದುಕೊಂಡಿದ್ದೆ. ಅವಳು ಜ್ವರ ಬಂದು ಮಲಗಿದ ದಿನ ನನ್ನ ಸ್ಲೇಟು ಖಾಲಿ ಇರುತ್ತಿತ್ತು, ನನಗೆ ಏಟು ಬೀಳುತ್ತಿತ್ತು. "ಇವ್ಳ ತಲೇಲಿ ಮರಳು ತುಂಬೈತೆ" ಎಂದು ಮೇಷ್ಟ್ರು ಅಪ್ಪನಿಗೆ ಹೇಳಿದ್ದರು.

ಅಪ್ಪನಿಗೆ ಅದರಿಂದ ಬೇಜಾರೇನೂ ಆಗಿರಲಿಲ್ಲ. ಬಿತ್ತನೆಗೆ ಮುಂಚೆ ನಮ್ಮ ಕಡೆ ಬೀಜ ಆರಿಸುವ ಕೆಲಸ ಇರುತ್ತದೆ. ಸುಲಿದ ಕಡಲೆಬೀಜವನ್ನು ಮೊರದಲ್ಲಿ ಹರಡಿ ಹುಳುಕು, ಜೊಳ್ಳು, ಕೆಂಪು ಸಿಪ್ಪೆ ಹರಿದದ್ದು, ಎಲ್ಲವನ್ನೂ ಕೈಯಲ್ಲಿ ತೆಗೆಯಬೇಕು. ಸಿಪ್ಪೆ ಹರಿದ ಬೀಜ ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ನಾನು ಮೊರದ ಮೇಲೆ ಮೂಗು ಇಟ್ಟುಕೊಂಡು ಕೂತರೆ ಸೂಜಿಮೊನೆಯಷ್ಟು ತೂತನ್ನೂ ಬಿಡುತ್ತಿರಲಿಲ್ಲ. ಆ ಹಸಿ ಎಣ್ಣೆಯ ವಾಸನೆ, ಬೆರಳಿಗೆ ಅಂಟುವ ಕೆಂಪು ಪುಡಿ ಈಗಲೂ ನನ್ನ ಮೂಗಿನಲ್ಲಿ ಇದೆ. ಊರಲ್ಲಿ ಯಾರ ಬೀಜಕ್ಕೆ ಅನುಮಾನ ಬಂದರೂ ನನ್ನನ್ನೇ ಕರೆಯುತ್ತಿದ್ದರು. ಹುಡುಗಿಗೆ ಓದು ಹತ್ತುವುದಿಲ್ಲ, ಕಣ್ಣು ಮಾತ್ರ ಹದ್ದಿನ ಕಣ್ಣು, ಈ ಬಿತ್ತನೆ ಮುಗಿದ ಮೇಲೆ ಶಾಲೆ ಬಿಡಿಸಿದರಾಯಿತು ಎಂದು ಅಪ್ಪ ತೀರ್ಮಾನಿಸಿದ್ದ. ಮುಂದಿನ ವರ್ಷ ಅಕ್ಕ ಕಲ್ಯಾಣದುರ್ಗದ ಶಾಲೆಗೆ ಹೋಗುವವಳು. ಅವಳ ಉಸುರಿಲ್ಲದೆ ನಾನು ಆ ಕೋಣೆಯಲ್ಲಿ ಏನು ಮಾಡುತ್ತಿದ್ದೆನೋ.

ಮಳೆ ಬಂದ ಮರುದಿನ ಡಾಕ್ಟರಮ್ಮ ಬಂದರು. ಮರುದಿನವೋ, ಅದರ ಮರುದಿನವೋ. ಅಂಗಳದ ಮಣ್ಣು ಮಾತ್ರ ಕಾಲಿಗೆ ಅಂಟುತ್ತಿತ್ತು. ಶಾಲೆಯ ಜಗುಲಿಯ ಗೋಡೆಗೆ ಒಂದು ಹಾಳೆ ನೇತುಹಾಕಿ, ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸುತ್ತಿದ್ದರು. ನನ್ನ ಸರದಿ ಬಂದಾಗ ಅಕ್ಕ ರೂಢಿಯಂತೆ ಹಿಂದೆ ನಿಂತು ಉಸುರತೊಡಗಿದಳು. ಎರಡು ಸಾಲು ಸಲೀಸಾಗಿ ಹೋಯಿತು.

"ಏಯ್ ಜಡೆಯೋಳೇ, ಪರೀಕ್ಷೆ ಯಾರಿಗಮ್ಮಾ? ನಿಂಗಾ, ಇವ್ಳಿಗಾ? ನಡಿ ಆ ಕಡೆ!" ಎಂದರು ಡಾಕ್ಟರಮ್ಮ. ಅಕ್ಕ ಹೋದಳು. ಹಾಳೆ ಖಾಲಿಯಾಯಿತು. ಅವರು ನನ್ನ ರೆಪ್ಪೆ ಎತ್ತಿ ಟಾರ್ಚು ಬಿಟ್ಟು, ಗಾಜುಗಳನ್ನು ಬದಲಿಸಿ ಬದಲಿಸಿ ನೋಡಿದರು. ಅಷ್ಟರಲ್ಲಿ ಅಪ್ಪ ಬಂದ. ಬೀಜ ಆರಿಸಲು ನನ್ನನ್ನು ಕರೆದೊಯ್ಯುವುದಕ್ಕೆ ಬಂದದ್ದು. ಅವನ ಎಡಗಾಲಿನ ಎಕ್ಕಡದ ಕಿರುಗುಟ್ಟು ಕೇಳಿಯೇ, ತಿರುಗದೆ, ಅಪ್ಪ ಬಂದ ಎಂದೆ. ಅವನ ಹಿಂದೆ ಊರಿನ ನಾಲ್ಕು ಜನ ಗಂಡಸರೂ ಇದ್ದರು, ಅವರವರ ಮಕ್ಕಳಿಗಾಗಿ.

"ಇವ್ಳಿಗೆ ದೂರದ್ದು ಕಾಣಲ್ಲ ಕಣಪ್ಪ. ಕನ್ನಡ್ಕ ಬೇಕು. ಹಿಂದೂಪುರಕ್ಕೆ ಕರ್ಕೊಂಡ್ ಬಾ" ಎಂದರು ಡಾಕ್ಟರಮ್ಮ.

ಅಪ್ಪ ನಕ್ಕುಬಿಟ್ಟ. "ಇವ್ಳಿಗಾ? ಏನ್ ತಮಾಷೆ ಮಾಡ್ತೀಯ ಡಾಕ್ಟ್ರಮ್ಮ! ಊರಿಗೆಲ್ಲಾ ಬೀಜ ಆರ್ಸೋಳು ಇವ್ಳೇಯ. ಒಂದು ಹುಳುಕು ಬಿಡಾಕಿಲ್ಲ."

"ಕನ್ನಡ್ಕ ಹಾಕುದ್ರೆ ಇರೋ ಕಣ್ಣೂ ತಿಂದ್ಬುಡ್ತದೆ" ಎಂದ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮಾಮ. ಅವನನ್ನು ನಾವು ಗಿರಣಿ ಮಾಮ ಎನ್ನುತ್ತಿದ್ದೆವು.

"ಕಾಲಿಗೆ ಎಕ್ಕಡ ಹಾಕಿದ್ದೀಯಲ್ಲಪ್ಪ, ಅದು ನಿನ್ ಕಾಲು ತಿಂದ್ಬುಡ್ತಾ?" ಎಂದರು ಡಾಕ್ಟರಮ್ಮ. ಮಕ್ಕಳೆಲ್ಲ ಗೊಳ್ಳೆಂದರು.

ಅಪ್ಪನಿಗೆ ರೋಷ ಬಂತು. ಮನೆಯಿಂದ ಒಂದು ಮೊರ ಬೀಜ ತರಿಸಿ, ಎರಡು ಪಾಲು ಮಾಡಿ, ಒಂದನ್ನು ನನ್ನ ಮುಂದೆ, ಇನ್ನೊಂದನ್ನು ಡಾಕ್ಟರಮ್ಮನ ಮುಂದೆ ಇಟ್ಟ. "ನಿಂದೂ ನೋಡ್ಬುಡಾನ" ಎಂದ. ಅವರು ಸೀರೆ ಎತ್ತಿ ಕಟ್ಟಿ ನೆಲದ ಮೇಲೆ ಕೂತರು! ಅವರಿಗೂ ದಪ್ಪ ಕನ್ನಡಕವಿತ್ತು. ನಾನು ಮೂಗು ತಗ್ಗಿಸಿ ಶುರುಮಾಡಿದೆ. ನನ್ನದು ಮುಗಿದಾಗ ಅವರದು ಅರ್ಧವೂ ಆಗಿರಲಿಲ್ಲ. ಅವರು ಒಳ್ಳೆಯದೆಂದು ಬಿಟ್ಟ ರಾಶಿಯಿಂದ ಅಪ್ಪ ಹುಳುಕು ಹೆಕ್ಕಿ ಹೆಕ್ಕಿ ಎಲ್ಲರಿಗೂ ತೋರಿಸಿದ. ಗಂಡಸರು ತೊಡೆ ತಟ್ಟಿ ನಕ್ಕರು. ನಾನು ಆ ದಿನದಷ್ಟು ಬೀಗಿದ್ದು ಮತ್ತೆಂದೂ ಇಲ್ಲ.

"ಸೋತೆ ಕಣಪ್ಪ" ಎಂದರು ಡಾಕ್ಟರಮ್ಮ, ಮಂಡಿ ಹಿಡಿದು ಏಳುತ್ತ. "ಹತ್ರದ ಕಣ್ಣು ಇವ್ಳದು ಬಂಗಾರ. ಈಗ ನಂದೊಂದಾಟ ಆಡು. ನೀವು ಐದು ಜನಾನೂ ಆ ಹುಣಸೇಮರದ ಕೆಳಗೆ ಸಾಲಾಗಿ ನಿಂತ್ಕೊಳ್ಳಿ. ಕೆಮ್ಮಂಗಿಲ್ಲ, ಬೀಡಿ ಹಚ್ಚಂಗಿಲ್ಲ, ಕೈಯಾಡ್ಸಂಗಿಲ್ಲ."

ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಎಕ್ಕಡದ ಕಿರುಗುಟ್ಟು ದೂರ ಹೋಗಿ ಅಡಗಿತು. ಅವರು ನನ್ನ ಭುಜ ಹಿಡಿದು ತಿರುಗಿಸಿ, ಬಗ್ಗಿ, "ಚೂಡಮ್ಮಾ, ನೋಡು, ನಿಮ್ಮಪ್ಪ ಎಲ್ಲವ್ನೆ? ಬೆರಳು ತೋರ್ಸು" ಎಂದರು.

ಹಸಿರು ಗುಡ್ಡೆಯೊಂದರ ಕೆಳಗೆ ಐದು ಬಿಳಿ ಕಲೆಗಳು. ಅಷ್ಟೇ. ಎಲ್ಲರಿಗೂ ಪಂಚೆ, ಎಲ್ಲರಿಗೂ ತಲೆಗೆ ಸುತ್ತಿದ ವಲ್ಲಿ. ಕಾಣುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಆಗತಾನೆ ಗೆದ್ದ ಅಪ್ಪ ನನ್ನಿಂದ ಸೋಲಬಾರದು ಎಂಬ ಹಟ ಬಂತು. ಉದ್ದಕ್ಕಿದ್ದ ನಡುವಿನ ಕಲೆಯನ್ನು ಗಟ್ಟಿಯಾಗಿ ತೋರಿಸಿ, "ಅಗೋ, ಅಲ್ಲಿ" ಎಂದೆ.

ಯಾರೂ ನಗಲಿಲ್ಲ. ಅಕ್ಕ ಮಾತ್ರ, "ಅಯ್ಯೋ, ಅದು ಗಿರಣಿ ಮಾಮ ಕಣೇ" ಎಂದು ಅಳತೊಡಗಿದಳು.

ಆಮೇಲೆ ಡಾಕ್ಟರಮ್ಮ ಕೂಗಿದರು. ಮೆಲ್ಲಗೆ ಹೇಳಿದರು ಎನ್ನುತ್ತಾಳೆ ಅಕ್ಕ. ಇದನ್ನು ಮಾತ್ರ ನಾನು ಅವಳಿಗೆ ಬಿಟ್ಟುಕೊಡುವುದಿಲ್ಲ; ಅವರ ಬಾಯಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. "ನೋಡ್ದೇನಪ್ಪಾ? ಹೊಲದಾಗೆ ನಿನ್ ಮುಖ ಒಂದಿನಾನೂ ಕಂಡಿಲ್ಲ ಈ ಮಗೂಗೆ! ನಿನ್ ಎಕ್ಕಡದ ಸದ್ದಿಗೆ ಅಪ್ಪಾ ಅಂತೈತೆ! ನೀನು ನೋಡ್ಲಿಲ್ಲ, ಮೇಷ್ಟ್ರು ನೋಡ್ಲಿಲ್ಲ, ಎಲ್ಲಾರೂ ಸೇರ್ಕೊಂಡು ದಡ್ಡಿ ಅಂದ್ಬುಟ್ರಿ. ಕಣ್ಣು ಯಾರಿಗೆ ಇಲ್ಲ ಈಗ ಹೇಳು!"

ಮರದ ಕಡೆಯಿಂದ ಎಕ್ಕಡ ಕಿರುಗುಟ್ಟಿತು. ಸಾಲಿನ ತುದಿಯ ಕಲೆ ಕದಲಿ, ದೊಡ್ಡದಾಗಿ, ಒದ್ದೆ ಮಣ್ಣಿನ ಮತ್ತು ಬೀಡಿಯ ವಾಸನೆಯಾಗಿ, ಕೊನೆಗೆ ಅಪ್ಪನಾಯಿತು. ನನ್ನ ನಾಲ್ಕು ಮಾರಿನೊಳಗೆ ಬರುವ ಹೊತ್ತಿಗೆ ಅದು ಅವನ ದಿನನಿತ್ಯದ ಮುಖವೇ ಆಗಿತ್ತು. ನನ್ನ ತಲೆಯ ಮೇಲೆ ಕೈ ಇಟ್ಟು ಡಾಕ್ಟರಮ್ಮನನ್ನು ಕೇಳಿದ: "ಹಿಂದೂಪುರಕ್ಕೆ ಯಾವ ಬಸ್ಸಿಗೆ ಬರ್ಬೇಕು?"

ಮರುದಿನ ಬೆಳಿಗ್ಗೆ ನಾವು ಬಸ್‌ಸ್ಟ್ಯಾಂಡಿಗೆ ಹೊರಟಾಗ ಊರೆಲ್ಲ ಕೂರಿಗೆ ಹೊತ್ತು ಹೊಲಕ್ಕೆ ಹೋಗುತ್ತಿತ್ತು. "ಹದ ಹೋಯ್ತದೆ ಕಣ್ಲಾ! ಬಿತ್ತೋದ್ ಬಿಟ್ಟು ಹುಡ್ಗೀನ ಮೆರವಣಿಗೆ ಮಾಡಾಕ್ ಹೊಂಟ್ಯಾ?" ಎಂದು ಗಿರಣಿ ಮಾಮ ಕೂಗಿದ. "ಹೋಗ್ಲಿ ಬಿಡ್ಲಾ. ಇನ್ನೊಂದ್ ಮಳೆಗೆ ಬಿತ್ತೀನಿ" ಎಂದು ಅಪ್ಪ ತಿರುಗಿಯೂ ನೋಡದೆ ನಡೆದ.

ಕನ್ನಡಕ ಹಿಂದೂಪುರದಿಂದ ಕಂಡಕ್ಟರನ ಕೈಯಲ್ಲಿ, ಹಳೆ ಪೇಪರಿನಲ್ಲಿ ಸುತ್ತಿಕೊಂಡು ಬಂತು. ಹಾಕಿಕೊಂಡು ಹೊರಗೆ ಬಂದೆ. ಹುಣಸೆಮರಕ್ಕೆ ಎಲೆಗಳಿದ್ದವು, ಬೇರೆ ಬೇರೆಯಾಗಿ! ಹೊಲಕ್ಕೆ ಓಡಿದೆ. ಆ ತುದಿಯಲ್ಲಿ ಅಪ್ಪ ಎರಡನೇ ಮಳೆಗೆ ಬಿತ್ತುತ್ತಿದ್ದ. ಕೂರಿಗೆಯ ಹಿಂದೆ ನಡೆಯುವಾಗ ಅವನು ತನ್ನಷ್ಟಕ್ಕೇ ನಗುತ್ತಿದ್ದ. ಅವನಿಗೆ ಆ ಅಭ್ಯಾಸ ಇದೆ ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಶಾಲೆಯಲ್ಲಿ ಹುಡುಗರು 'ನಾಕು ಕಣ್ಣಿನೋಳು' ಎಂದು ಕುಣಿದರು. ತೆಗೆಯಲಿಲ್ಲ. ಜಾತ್ರೆಗೆ ಬಂದ ಅತ್ತೆಯಂದಿರು ಗಂಡು ಸಿಗುವುದಿಲ್ಲ ಎಂದರು. ತೆಗೆಯಲಿಲ್ಲ. ಮೇಷ್ಟ್ರು ನನ್ನನ್ನು ಮುಂದಿನ ಸಾಲಿಗೆ ಕರೆದಾಗ, ಹಿಂದಿನಿಂದಲೇ ಕಾಣುತ್ತದೆ ಎಂದು ಅಲ್ಲೇ ಕೂತೆ. ಶಾಲೆ ಬಿಡಿಸುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಬದಲಿಗೆ ಪ್ರತಿ ವರ್ಷ ಬೀಜ ಆರಿಸುವ ಮುಂಚೆ ಊರಿನ ಮಕ್ಕಳನ್ನೆಲ್ಲ ಜಗುಲಿಯ ಮೇಲೆ ನಿಲ್ಲಿಸಿ, ಐದು ಜನ ಗಂಡಸರನ್ನು ಮರದ ಕೆಳಗೆ ಕಳಿಸಿ, "ನಿಮ್ಮಪ್ಪ ಯಾರ್ಲಾ? ತೋರ್ಸು" ಎನ್ನುತ್ತಿದ್ದ. ಮೊದಲ ವರ್ಷ ತಪ್ಪು ತೋರಿಸಿದವನು ಗಿರಣಿ ಮಾಮನ ಮಗನೇ. ಮಾಮ ಮಗನನ್ನು ಕರೆದುಕೊಂಡು ಹಿಂದೂಪುರದ ಬಸ್ಸು ಹತ್ತಿದ.

ಮೊಮ್ಮಕ್ಕಳೇ, ನಿಮ್ಮ ಕಣ್ಣನ್ನು ಶಾಲೆಯಲ್ಲಿ ಯಂತ್ರವೇ ನೋಡಿ ಚೀಟಿ ಕೊಡುತ್ತದೆ. ನೀಲಿ ಫ್ರೇಮು ಬೇಡ, ಕೆಂಪೇ ಬೇಕು ಎಂದು ನೀವು ಅಂಗಡಿಯಲ್ಲಿ ಹಟ ಹಿಡಿದಾಗ ನನಗೆ ಸಿಟ್ಟು ಬರುವುದಿಲ್ಲ, ಹಿಡಿಯಿರಿ. ಆದರೆ ನೀವೂ ಫೋನನ್ನು ಮೂಗಿಗೆ ಹಚ್ಚಿಕೊಂಡು ಕೂರುತ್ತೀರಿ, ನಾನು ಮೊರಕ್ಕೆ ಹಚ್ಚಿಕೊಂಡ ಹಾಗೆ. ಒಂದು ಸಂಜೆ ನಿಮ್ಮನ್ನೂ ಅಂಗಳದಲ್ಲಿ ನಿಲ್ಲಿಸಿ, ನಿಮ್ಮಪ್ಪನನ್ನು ದೂರ ಕಳಿಸುವವಳಿದ್ದೇನೆ. ನಗಬೇಡಿ.

ನಿಮ್ಮ ಫೋನಿನಲ್ಲಿ ಎರಡು ಬೆರಳಿಟ್ಟು ದೂರದ ಮುಖವನ್ನು ಹತ್ತಿರಕ್ಕೆ ಎಳೆಯುತ್ತೀರಲ್ಲ, ಹಾಗೆ ನಾನು ಆ ತುದಿಯ ಬಿಳಿ ಕಲೆಯನ್ನು ಎಷ್ಟೋ ಸಲ ಎಳೆದು ನೋಡಿದ್ದೇನೆ. ಬಂದದ್ದೆಲ್ಲ ನಾನು ಕಟ್ಟಿಕೊಂಡ ಮುಖಗಳು. ಬೇರೆಯವನ ಕಡೆ ನಾನು ಬೆರಳು ತೋರಿಸಿದಾಗ ಅಪ್ಪನ ಮುಖ ಹೇಗಿತ್ತು? ಅಕ್ಕನನ್ನು ಕೇಳಿದರೆ, ತಾನು ನನ್ನನ್ನೇ ನೋಡುತ್ತಿದ್ದೆ ಎನ್ನುತ್ತಾಳೆ. ಡಾಕ್ಟರಮ್ಮ ನೋಡಿರಬೇಕು. ಕನ್ನಡಕ ಬದಲಿಸಲು ಎಷ್ಟು ಸಲ ಅವರ ಮುಂದೆ ಕೂತಿದ್ದೆ, ಕೇಳಬಹುದಿತ್ತು, ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ನನಗೆ ಗೊತ್ತಿಲ್ಲ.