ಬೆನ್ನು ಮುಚ್ಚುವ ಗೌನು ಹೊಲಿಯುವ ಲಾಡಿಯಕ್ಕ

ಬೆಳಿಗ್ಗೆ ಐದೂ ಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳು ಇನ್ನೂ ಸದ್ದು ಶುರುಮಾಡಿಲ್ಲ. ಪಕ್ಕದ ಸಣ್ಣ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ ಹೊತ್ತಿಕೊಳ್ಳುತ್ತದೆ. ಹೊಲಿಗೆ ಮಿಷನ್ನಿನ ಮುಂದೆ ಕೂತ ಹೆಂಗಸು ತಿಳಿನೀಲಿ ಗೌನೊಂದನ್ನು ಮಡಿಲಿಗೆ ಎಳೆದುಕೊಂಡು, ಅದರ ಲಾಡಿಗಳನ್ನು ಒಂದೊಂದಾಗಿ ಹಿಡಿದು ಜಗ್ಗುತ್ತಾರೆ. ಮೂರನೆಯದು ದಾರ ಬಿಡುತ್ತದೆ. "ನಿನ್ನೆ ರಾತ್ರಿಯೆಲ್ಲಾ ಗಟ್ಟಿಯಾಗಿರೋ ಥರ ನಟಿಸಿದ್ಯಾ, ಕಳ್ಳಾ?" ಎಂದು ಅದನ್ನು ಬೈದು, ಕಿತ್ತು, ಹೊಸ ಲಾಡಿ ಇಟ್ಟು ನಾಲ್ಕು ಸುತ್ತು ಹೊಲಿಗೆ ಹಾಕುತ್ತಾರೆ. ಮತ್ತೆ ಜಗ್ಗುತ್ತಾರೆ. ಈ ಸಲ ಮೇಜು ಅಲುಗಾಡುತ್ತದೆ, ಲಾಡಿ ಅಲುಗಾಡುವುದಿಲ್ಲ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಲಾಡಿಯಕ್ಕ ಎಂದೇ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆಯಂತೆ. ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸು. ದಿನಕ್ಕೆ ಸುಮಾರು ನಲವತ್ತು ಹರಿದ ಬಟ್ಟೆ ಕೈಗೆ ಬರುತ್ತದೆ: ಹಾಸಿಗೆ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಇದಿಷ್ಟನ್ನು ಯಾವ ದರ್ಜಿಯಾದರೂ ಮಾಡಿಯಾರು. ವಾರಕ್ಕೆ ಆರೇಳು ಗೌನು ಮಾತ್ರ ಬೇರೆ ತರಹದವು. ಮಂಗಳವಾರ ಮತ್ತು ಶುಕ್ರವಾರ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೋಗುವವರಿಗಾಗಿ, ಅವರವರ ಮೈಯ ಅಳತೆಗೆ ಸರಿಯಾಗಿ, ಹಿಂದೆ ಪೂರ್ತಿ ಮುಚ್ಚುವಂತೆ ಹೊಲಿದವು.

ಇದು ಶುರುವಾದದ್ದು ಹನ್ನೊಂದು ವರ್ಷದ ಹಿಂದೆ, ಒಂದು ಜಗಳದಿಂದ. ಮೂರನೇ ಮಹಡಿಯಲ್ಲಿ ಒಬ್ಬ ಶಾಲಾ ಲೈಬ್ರರಿಯ ಹೆಂಗಸು ಆಪರೇಷನ್ನಿಗೆ ಬರುವುದಿಲ್ಲವೆಂದು ಮಂಚ ಹಿಡಿದು ಕೂತುಬಿಟ್ಟಿದ್ದರು. ಭಯಪಟ್ಟಿದ್ದಾರೆ ಎಂದುಕೊಂಡು ಎಲ್ಲರೂ ಧೈರ್ಯ ಹೇಳಿದ್ದೇ ಹೇಳಿದ್ದು. ಹರಿದ ಪರದೆ ತೆಗೆದುಕೊಂಡು ಹೋಗಲು ಬಂದಿದ್ದ ಲಾಡಿಯಕ್ಕ ಬಾಗಿಲಲ್ಲಿ ನಿಂತು ನೋಡಿದರು. ಆಸ್ಪತ್ರೆಯ ಗೌನು ಆಕೆಯ ಬೆನ್ನಿಗೆ ಅರ್ಧಕ್ಕೂ ಸಾಲುತ್ತಿರಲಿಲ್ಲ. ಆಕೆ ಎರಡೂ ಕೈ ಹಿಂದಕ್ಕೆ ಮಾಡಿ ಹಿಡಿದುಕೊಂಡಿದ್ದರು.

"ಆಯಮ್ಮಂಗೆ ಚಾಕುವಿನ ಭಯ ಇರಲಿಲ್ಲ," ಎನ್ನುತ್ತಾರೆ ಲಾಡಿಯಕ್ಕ. "ಅಷ್ಟುದ್ದದ ಓಣಿಯಲ್ಲಿ ಬೆನ್ನು ತೋರಿಸ್ಕೊಂಡು ಹೋಗಬೇಕಲ್ಲಾ, ಅದು ಭಯ. ನಂಗೆ ಗೊತ್ತಾಯ್ತು. ನನ್ನ ಮೈನೂ ಅಂಥದ್ದೇ ಅಲ್ವಾ?"

ಎರಡು ಗೌನು ಕತ್ತರಿಸಿ ಒಂದು ಮಾಡಿ, ಅರ್ಧ ಗಂಟೆಯಲ್ಲಿ ತಂದುಕೊಟ್ಟರು. ಲೈಬ್ರರಿಯಮ್ಮ ಅದನ್ನು ಹಾಕಿಕೊಂಡು, ಕೈ ಬೀಸಿಕೊಂಡು ನಡೆದೇ ಹೋದರು. ಮಾರನೇ ವಾರದಿಂದ ಹೆಡ್ ಸಿಸ್ಟರ್ ತಾವೇ ಫೋನು ಮಾಡಿ, "ಲಾಡಿಯಕ್ಕಾ, ಟೇಪು ತಗೊಂಡು ಮೇಲೆ ಬನ್ನಿ," ಎನ್ನಲು ಶುರುಮಾಡಿದರು.

ಟೇಪು ಸುತ್ತುವಷ್ಟು ಹೊತ್ತು ಜನ ಸುಮ್ಮನಿರುವುದಿಲ್ಲ. ವೈದ್ಯರ ಮುಂದೆ ಬಾಯಿಗೆ ಬೀಗ ಹಾಕಿಕೊಂಡವರು ದರ್ಜಿಯ ಮುಂದೆ ಎಲ್ಲವನ್ನೂ ಸುರಿಯುತ್ತಾರೆ. ಅರಿವಳಿಕೆ ಕೊಟ್ಟು ಮತ್ತು ಬರಿಸಿದ ಮೇಲೆ ಎಚ್ಚರ ಆಗುತ್ತದೋ ಇಲ್ಲವೋ. ಇಷ್ಟು ವರ್ಷ ಬಾಯಿ ಕಟ್ಟಲಾಗದವನು ಇನ್ನು ಮುಂದೆ ಕಟ್ಟಿಯೇನೇ. ಕಷ್ಟಪಡದೆ ಸುಲಭದ ದಾರಿ ಹಿಡಿದಳು ಎಂದು ಅಕ್ಕತಂಗಿಯರೇ ಆಡಿಕೊಂಡರೆ? ಒಬ್ಬ ಅಂಚೆಯವರಂತೂ ತೆಳ್ಳಗಾದ ಮೇಲೆ ಬೀದಿಯ ನಾಯಿಗಳು ಗುರುತು ಹಿಡಿಯದೆ ಕಚ್ಚಿಯಾವೇ ಎಂದು ನಿಜವಾಗಿಯೂ ಚಿಂತೆ ಮಾಡುತ್ತಿದ್ದರು.

ಲಾಡಿಯಕ್ಕ ಯಾರಿಗೂ "ಏನೂ ಆಗಲ್ಲ, ಹೆದರಬೇಡಿ" ಎನ್ನುವುದಿಲ್ಲ. ಬಟ್ಟೆ ಕತ್ತರಿಸಲು ಇಟ್ಟುಕೊಂಡ ಕಂದು ಕಾಗದದ ತುಂಡೊಂದನ್ನು ಹಾಸಿ, ಸೀಮೆಸುಣ್ಣ ಕೊಟ್ಟು ಬರೆಯಲು ಹೇಳುತ್ತಾರೆ. "ಭಯ ಒಂದೇ ಗಂಟಾಗಿ ಬಂದಿರುತ್ತೆ. ಬಿಚ್ಚಿ ನೋಡಿದ್ರೆ ಅರ್ಧ ಡಾಕ್ಟ್ರಿಗೆ ಕೇಳೋ ಪ್ರಶ್ನೆ. ಕಾಲು ಭಾಗ ಮನೆಯವರ ಹತ್ರ ಆಡಬೇಕಾದ ಮಾತು. ಉಳಿದ ಕಾಲು ಭಾಗಕ್ಕೆ ಯಾರ ಹತ್ರಾನೂ ಉತ್ತರ ಇಲ್ಲ, ಅದನ್ನ ಹೊತ್ಕೊಂಡೇ ಹೋಗಬೇಕು. ಆದ್ರೆ ಗಂಟು ಚಿಕ್ಕದಾಗಿರುತ್ತಲ್ಲಾ!" ವೈದ್ಯಕೀಯದ ಒಂದು ಪ್ರಶ್ನೆಗೂ ತಾವೇ ಉತ್ತರ ಕೊಡುವುದಿಲ್ಲ. "ಡಾಕ್ಟರಮ್ಮನ ಕೆಲಸ ನಾನು ಮಾಡಲ್ಲ, ನನ್ನ ಮಿಷನ್ನು ಅವರು ತುಳಿಯಲ್ಲ."

ಕಾಗದ ಬರೆದು ಮುಗಿಸಿ, ಚೀಲ ಎತ್ತಿಕೊಂಡು ಮನೆಗೆ ಹೋದವರೂ ಇದ್ದಾರೆ. ಒಬ್ಬ ಸಂಗೀತದ ಮೇಷ್ಟ್ರು ಹಾಗೆ ಹೋದವರು ಮತ್ತೆ ಬರಲಿಲ್ಲ. "ಬರೆದು ನೋಡಿದ ಮೇಲೆ ಅವರಿಗೆ ಬೇಡ ಅನ್ನಿಸ್ತು. ಅದೂ ಒಂದು ತೀರ್ಮಾನವೇ," ಎನ್ನುವ ಲಾಡಿಯಕ್ಕ ಆ ಗೌನನ್ನು ಬಿಚ್ಚಿ ನಾಲ್ಕು ದಿಂಬಿನ ಚೀಲ ಮಾಡಿದರು.

ಊರಿಗೆಲ್ಲ ಹೀಗೆ ದಾರಿ ತೋರಿಸುವವರು ತಮ್ಮ ವಿಷಯಕ್ಕೆ ಬಂದಾಗ ಮೂರು ವರ್ಷ ನೆಪ ಹೇಳಿದರು. ಆಗ ವಯಸ್ಸು ನಲವತ್ತೆಂಟು, ತೂಕ ನೂರ ಇಪ್ಪತ್ತೊಂದು ಕಿಲೋ. ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ನೀವೂ ಮಾಡಿಸಿಕೊಳ್ಳಬಹುದು ಎಂದು ಆಪರೇಷನ್ ಮಾಡುವ ಡಾಕ್ಟರಮ್ಮ ಹೇಳಿದಾಗಲೆಲ್ಲ ಲಾಡಿಯಕ್ಕನಿಗೆ ತುರ್ತು ಕೆಲಸ ಬರುತ್ತಿತ್ತು. ಹೊಸ ಬಟ್ಟೆಯ ಲಾಟು ಬಂದಿದೆ. ಮಿಷನ್ನಿನ ಬೆಲ್ಟು ಹೋಗಿದೆ. ಬೆಲ್ಟು ಬಂದಿದೆ, ಒಗ್ಗಿಕೊಳ್ಳಬೇಕು.

ನೆಪಗಳಿಗೆ ಕೊನೆ ಹಾಡಿದ್ದು ಕೆಟ್ಟುನಿಂತ ಲಿಫ್ಟು. ಅಳತೆಯ ದಿನ. ಮೊದಲ ಮಹಡಿ ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂತು, ಮೆಟ್ಟಿಲ ಮೇಲೇ ಕುಸಿದು ಕೂತರು. ಅಳತೆ ಕೊಡಬೇಕಾದ ಅಜ್ಜಿಯೇ ಕಂಬಿ ಹಿಡಿದುಕೊಂಡು ಎರಡು ಮಹಡಿ ಇಳಿದು ಬಂದರು. "ನಾನು ಅವರ ಹತ್ರ ಹೋಗಬೇಕಿತ್ತು. ಅವರು ನನ್ನ ಹತ್ರ ಬಂದ್ರು. ಅವತ್ತು ಬಹಳ ನಾಚಿಕೆ ಆಯ್ತು," ಎನ್ನುತ್ತಾರೆ. ಆ ಸಂಜೆಯೇ ಡಾಕ್ಟರಮ್ಮನ ಕೋಣೆಗೆ ಹೋಗಿ ದಿನ ಗೊತ್ತುಮಾಡಿಸಿಕೊಂಡರು.

ಮನೆಯಲ್ಲಿರುವುದು ಮೂವರು. ಗಂಡ ಗಡಿಯಾರ ರಿಪೇರಿ ಮಾಡುವವರು, ಮಾತು ಕಮ್ಮಿ. ಅತ್ತೆಗೆ ಎಂಬತ್ತೊಂದು, ಮಾತು ಕಮ್ಮಿಯಲ್ಲ. "ಹೊಟ್ಟೇನೇ ಕತ್ತರಿಸಿ ಚಿಕ್ಕದು ಮಾಡಿದ್ರೆ ತಿಂದಿದ್ದು ಎಲ್ಲಿಗೆ ಹೋಗುತ್ತೆ? ಕಾಲಿಗಾ?" ಎಂದು ಅವರು ಕೇಳಿದ ಪ್ರಶ್ನೆಯನ್ನು ಲಾಡಿಯಕ್ಕ ಕಂದು ಕಾಗದದಲ್ಲಿ ಬರೆದು ಡಾಕ್ಟರಮ್ಮನಿಗೆ ತೋರಿಸಿದರಂತೆ. ಆಪರೇಷನ್ನಿಗೆ ಮುಂಚಿನ ಎರಡು ವಾರ ಬರೀ ದ್ರವಾಹಾರ. ಆ ಹದಿನಾಲ್ಕು ದಿನವೂ ಗಂಡ "ಅಂಗಡೀಲಿ ಕೆಲಸ ಜಾಸ್ತಿ" ಎಂದು ಹೇಳಿ, ತಮ್ಮ ರಾತ್ರಿಯೂಟವನ್ನು ಗಡಿಯಾರಗಳ ನಡುವೆ ಕೂತು ಮುಗಿಸಿ ಬಂದರು. "ಶರ್ಟಿನ ತೋಳು ಮೂಸಿದ್ರೆ ಗೊತ್ತಾಗಲ್ವಾ? ಗೊತ್ತಾಗಿದೆ ಅಂತ ನಾನೂ ಹೇಳಲಿಲ್ಲ."

ಸೋಮವಾರ ಮಧ್ಯಾಹ್ನ ಅಡ್ಮಿಟ್ ಆದರು. ಅವತ್ತು ಬೆಳಿಗ್ಗೆಯವರೆಗೂ ಕೆಲಸ ಮಾಡಿದ್ದರು. ಮರುದಿನದ ಪಟ್ಟಿಯಲ್ಲಿ ಇವರಿಗಿಂತ ಮೊದಲಿದ್ದ ಶಾಲಾ ವ್ಯಾನಿನ ಡ್ರೈವರನ ಅಳತೆ ತೆಗೆದು, ಗಂಟು ಬಿಚ್ಚಿಸಿ, ಗೌನು ಕೊಟ್ಟೇ ಹಾಸಿಗೆ ಸೇರಿದ್ದು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಹೆಡ್ ಸಿಸ್ಟರ್ ಬಂದು ನೋಡಿದರೆ ಹಾಸಿಗೆ ಖಾಲಿ. ಗಂಡ ಕ್ಯಾಂಟೀನಿನಲ್ಲಿದ್ದರು, ಅವರಿಗೂ ಗೊತ್ತಿಲ್ಲ. ಬಚ್ಚಲು, ಬಾಲ್ಕನಿ, ಓಣಿ ಎಲ್ಲ ಹುಡುಕಿದ್ದಾಯಿತು. ಗಲಾಟೆ ಕೇಳಿ ಎದ್ದ ಡ್ರೈವರು ಯಾರಿಗೂ ಹೇಳದೆ ನೆಲಮಾಳಿಗೆಗೆ ಇಳಿದರು. ಅಲ್ಲಿ ಲಾಡಿಯಕ್ಕ ನೈಟಿಯಲ್ಲೇ ಕೂತು ಒಂದೇ ಸಮನೆ ದಿಂಬಿನ ಚೀಲ ಹೊಲಿಯುತ್ತಿದ್ದರು. ಆಗಲೇ ಏಳು ಚೀಲ ಮುಗಿದಿದ್ದವು.

"ಓಡಿ ಬಂದ್ರಾ ಅಕ್ಕಾ?"

"ಓಡೋಕಾಗಿದ್ರೆ ಆಪರೇಷನ್ ಯಾಕಪ್ಪಾ ಬೇಕಿತ್ತು? ಲಿಫ್ಟಲ್ಲಿ ಬಂದೆ."

ಡ್ರೈವರು ಹೊದಿಕೆಗಳ ಕಟ್ಟಿನ ಮೇಲೆ ಕೂತರು. "ನಿನ್ನೆ ನಂಗೆ ಹೇಳಿದ್ದೆಲ್ಲಾ ಸುಳ್ಳಾ ಹಾಗಾದ್ರೆ?"

"ಸುಳ್ಳಲ್ಲ ತಮ್ಮಾ, ಎಲ್ಲಾ ನಿಜಾನೇ. ಆದ್ರೆ ಹೇಳೋವಾಗ ಅದು ನಿನ್ನ ಹೊಟ್ಟೆಯಾಗಿತ್ತು."

ಆತ ನಗಲಿಲ್ಲ. ಮೇಜಿನ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡು, ಕಾಗದ ಎಳೆದು, "ಹೇಳಿ, ಬರ್ಕೋತೀನಿ," ಎಂದರು. ನಿದ್ದೆಯಲ್ಲಿ ಉಸಿರು ಕಟ್ಟುವವಳಿಗೆ ಮತ್ತಿನಲ್ಲೂ ಕಟ್ಟಿದರೆ? ಅದು ಡಾಕ್ಟರಿಗೆ. ಮನೆಗೆ ಹೋದ ಮೇಲೆ ಒಂದು ತಿಂಗಳು ಅತ್ತೆಯನ್ನು ಯಾರು ಎತ್ತಿ ಕೂರಿಸುವುದು? ಅದು ಗಂಡನಿಗೆ. ಆಮೇಲೆ ಲಾಡಿಯಕ್ಕ ಮಿಷನ್ನಿನ ಚಕ್ರವನ್ನು ಅತ್ತ ಇತ್ತ ತಿರುಗಿಸಿದರು.

"ನಾನು ತೆಳ್ಳಗಾದ್ರೆ ಇವರೆಲ್ಲಾ ನನ್ನ ಹತ್ರ ಮಾತಾಡ್ತಾರಾ? ನಾನೂ ಅವರ ಥರಾನೇ ಇದ್ದೀನಿ ಅಂತ ತಾನೇ ಬಾಯಿ ಬಿಡ್ತಿದ್ದಿದ್ದು? ನಾಳೆಯಿಂದ ನಾನು ಬರೀ ದರ್ಜಿ ಆಗಿಬಿಟ್ರೆ?"

ಇದನ್ನು ಯಾವ ಕಡೆ ಬರೆಯುವುದೆಂದು ಡ್ರೈವರಿಗೆ ತಿಳಿಯಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಹೇಳಿದರು: "ನಾನು ನಿಮ್ಮ ಮೈ ನೋಡಿ ಮಾತಾಡಲಿಲ್ಲ ಅಕ್ಕಾ. ಟೇಪು ಸುತ್ತಿದ್ರಲ್ಲಾ, ನಂಬರನ್ನ ಜೋರಾಗಿ ಓದಲಿಲ್ಲ ನೀವು. ನೋಡ್ಕೊಂಡು ಸುಮ್ಮನೆ ಬರ್ಕೊಂಡ್ರಿ. ನನ್ನ ಜನ್ಮದಲ್ಲಿ ಎಲ್ಲಾ ದರ್ಜಿಗಳೂ ಅಂಗಡಿಗೆಲ್ಲಾ ಕೇಳೋ ಹಾಗೆ ಕೂಗಿದ್ದಾರೆ. ಅದಕ್ಕೆ ಮಾತಾಡಿದೆ."

ತಾವು ಹಾಗೆ ಮಾಡುತ್ತೇವೆ ಎನ್ನುವುದೇ ಲಾಡಿಯಕ್ಕನಿಗೆ ಗೊತ್ತಿರಲಿಲ್ಲ. ಕಣ್ಣೊರೆಸಿಕೊಳ್ಳಲು ಅರ್ಧ ಹೊಲಿದ ದಿಂಬಿನ ಚೀಲವೇ ಸಿಕ್ಕಿತು. ಆಗ ಡ್ರೈವರು ಇನ್ನೊಂದು ಪ್ರಶ್ನೆ ಕೇಳಿದರು: "ಅದಿರಲಿ, ನಿಮ್ಮ ಗೌನೆಲ್ಲಿ?"

ಲಾಡಿಯಕ್ಕ ನಾಲಿಗೆ ಕಚ್ಚಿಕೊಂಡರು. ಹತ್ತು ವರ್ಷದಲ್ಲಿ ಸಾವಿರಾರು ಮಂದಿಗೆ ಗೌನು ಹೊಲಿದವರು ತಮಗೊಂದು ಹೊಲಿದುಕೊಂಡಿರಲೇ ಇಲ್ಲ.

ಅಷ್ಟರಲ್ಲಿ ಹೆಡ್ ಸಿಸ್ಟರ್ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. "ಪೇಷೆಂಟುಗಳಿಬ್ಬರೂ ಸೇರಿ ನನ್ನ ಪ್ರಾಣ ತೆಗೀಬೇಕು ಅಂತಿದ್ದೀರಾ?" ಎಂದು ಗದರಿ, ವಿಷಯ ತಿಳಿದ ಮೇಲೆ ತಾವೇ ಟೇಪು ಕೈಗೆತ್ತಿಕೊಂಡರು. ಡ್ರೈವರು ಮರ್ಯಾದೆಯಿಂದ ಗೋಡೆ ಕಡೆ ಮುಖ ಮಾಡಿ ನಿಂತರು. ಸಿಸ್ಟರ್ "ಐವತ್..." ಎಂದು ಶುರುಮಾಡಿದ್ದೇ ತಡ, ಗೋಡೆ ಕಡೆಯಿಂದ ಜೋರಾಗಿ ಕೆಮ್ಮು ಕೇಳಿಸಿತು. ಮುಂದಿನ ಅಳತೆಗಳು ಮೌನವಾಗಿ ನಡೆದವು.

ಡ್ರೈವರನ್ನು ಎಂಟಕ್ಕೆ ಒಳಗೆ ಕರೆದೊಯ್ದರು. ಲಾಡಿಯಕ್ಕನ ಗೌನು ಒಂಬತ್ತೂವರೆಗೆ ಮುಗಿಯಿತು. ಮೇಲೆ ಡಾಕ್ಟರಮ್ಮ ಕಾಗದ ಓದಿ ಸುಳ್ಳು ಸಮಾಧಾನ ಹೇಳಲಿಲ್ಲ. "ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಾರೆ. ಆದ್ರೆ ನಿಮ್ಮ ಉಸಿರಿನ ತೊಂದರೆ ನಮಗೆ ಮೊದಲೇ ಗೊತ್ತಿದೆ, ಅರಿವಳಿಕೆ ಕೊಡೋ ಡಾಕ್ಟ್ರು ಅದಕ್ಕೇ ತಯಾರಿ ಮಾಡ್ಕೊಂಡಿದ್ದಾರೆ." ಎರಡನೇ ಪ್ರಶ್ನೆ ಓದಿದ ಗಂಡ, "ನಾನು ಎತ್ತಿ ಕೂರಿಸ್ತೀನಿ. ನಮ್ಮಮ್ಮ ತಾನೇ?" ಎಂದರು. ಅದು ಅವರ ಆ ವಾರದ ಅತಿ ಉದ್ದದ ಮಾತು. ಲಾಡಿಯಕ್ಕ ಓಣಿಯುದ್ದಕ್ಕೂ ನಡೆದೇ ಹೋದರು. ಎದೆ ಡವಡವ ಎನ್ನುತ್ತಲೇ ಇತ್ತು, ನಿಲ್ಲಲಿಲ್ಲ. ಕಾಲು ಕೂಡ ನಿಲ್ಲಲಿಲ್ಲ.

ಸಂಜೆ ಇಬ್ಬರನ್ನೂ ನಡೆಸಿದರು. ಡ್ರೈವರು ಸ್ಕೂಲು ವ್ಯಾನಿನ ಹಾರನ್ನಿನ ಥರ ಬಾಯಲ್ಲೇ ಸದ್ದು ಮಾಡಿ ದಾರಿ ಬಿಡಿಸಿಕೊಂಡು ಬಂದಾಗ ಲಾಡಿಯಕ್ಕ ಹೊಟ್ಟೆ ಹಿಡಿದುಕೊಂಡರು. "ನಗಿಸಬೇಡಪ್ಪಾ, ಹೊಲಿಗೆ ಬಿಚ್ಚುತ್ತೆ."

"ಬಿಚ್ಚಿದ್ರೂ ಬಿಚ್ಚೀತು. ನೀವು ಹಾಕಿದ್ದಲ್ವಲ್ಲಾ!"

ಇದೆಲ್ಲ ಆಗಿ ಹತ್ತು ತಿಂಗಳು. ಲಾಡಿಯಕ್ಕನ ತೂಕ ಮೂವತ್ತನಾಲ್ಕು ಕಿಲೋ ಇಳಿದಿದೆ. ಎಲ್ಲವೂ ಹೂವಿನ ಹಾಗೆ ಆಯಿತೆಂದು ಅವರು ಹೇಳುವುದಿಲ್ಲ. ಮೂರನೇ ತಿಂಗಳಿಂದ ಕೂದಲು ಉದುರಿತು. ಒಂದು ತುತ್ತು ಆತುರವಾಗಿ ನುಂಗಿದರೆ ಅರ್ಧ ಗಂಟೆ ಒದ್ದಾಟ. ಮಾತ್ರೆಗಳು ಜೀವನಪೂರ್ತಿ. ಆದರೆ ಸಕ್ಕರೆಯ ಔಷಧಿ ಅರ್ಧಕ್ಕೆ ಇಳಿದಿದೆ, ಮೂರನೇ ಮಹಡಿಗೆ ಮೆಟ್ಟಿಲಲ್ಲೇ ಹೋಗುತ್ತಾರೆ. ಅತ್ತೆ ಮಾತ್ರ ಸೊಸೆಯ ಪುಟ್ಟ ಬಟ್ಟಲು ನೋಡಿ, "ಇದು ಊಟಾನಾ, ರುಚಿ ನೋಡೋದಾ?" ಎಂದು ದಿನವೂ ಕೇಳುತ್ತಾರೆ.

ಮೊನ್ನೆ ಗುರುವಾರ ಅಳತೆಗೆಂದು ಹೋದಾಗ ಹೊಸದಾಗಿ ಬಂದಿದ್ದ ಹೆಂಗಸೊಬ್ಬರು ಮುಖ ಗಂಟಿಕ್ಕಿಕೊಂಡು, "ನಿಮಗೇನು ಗೊತ್ತು ನಮ್ಮಂಥವರ ಕಷ್ಟ?" ಎಂದುಬಿಟ್ಟರು. ಲಾಡಿಯಕ್ಕನಿಗೆ ಚುರುಕ್ ಎಂದಿತು. ದಪ್ಪಗಿದ್ದಾಗಿನ ಹಳೆಯ ಫೋಟೋ ಪರ್ಸಿನಲ್ಲೇ ಇತ್ತು, ತೆಗೆಯಲಿಲ್ಲ. ಭುಜದ ಅಳತೆ ತೆಗೆದರು, ತೋಳಿನದು ತೆಗೆದರು. ಸೊಂಟಕ್ಕೆ ಬರುವಷ್ಟರಲ್ಲಿ ಆಕೆ, "ಅಲ್ಲಾ, ಒಂದು ಮಾತು ಕೇಳ್ಲಾ?" ಎಂದರು. ಕೆಳಗಿಳಿದು ಬರುವಾಗ ಲಾಡಿಯಕ್ಕ ಎರಡೆರಡು ಮೆಟ್ಟಿಲು ಹಾರಲು ಹೋಗಿ, ವಯಸ್ಸು ನೆನಪಾಗಿ ಒಂದೊಂದೇ ಇಳಿದರು.

ಆಸ್ಪತ್ರೆಯವರು ಏನು ಬೇಕು ಕೇಳಿ ಎಂದರೆ ಏನು ಕೇಳುತ್ತೀರಿ? ಹೊಸ ಮಿಷನ್ನು ಎನ್ನುತ್ತಾರೇನೋ ಎಂದುಕೊಂಡರೆ, ಇಲ್ಲ. ಹೊರರೋಗಿಗಳು ಕಾಯುವ ಹಜಾರಕ್ಕೆ ನಾಲ್ಕು ಕುರ್ಚಿ ಬೇಕಂತೆ, ಕೈ ಇಲ್ಲದವು. ಈಗ ಇರುವುದೆಲ್ಲ ಎರಡೂ ಕಡೆ ಕೈಯಿರುವ ಇಕ್ಕಟ್ಟಿನ ಕುರ್ಚಿಗಳು. ಅರ್ಜಿ ಬರೆದು ಕೊಟ್ಟಿದ್ದಾರೆ, ಉತ್ತರ ಬಂದಿಲ್ಲ, ಇನ್ನೊಂದು ಬರೆಯುತ್ತಿದ್ದಾರೆ.

"ಕುರ್ಚಿ ಖಾಲಿ ಇದ್ರೂ ಕೆಲವರು ಎರಡೆರಡು ಗಂಟೆ ನಿಂತೇ ಇರ್ತಾರೆ. 'ಕೂತ್ಕೊಳಿ' ಅಂದ್ರೆ 'ಪರವಾಗಿಲ್ಲ, ನೀವು ಕೂತ್ಕೊಳಿ' ಅಂತಾರೆ. ನೋಡಿದವರು, ಎಷ್ಟು ಒಳ್ಳೆ ಜನ, ಬೇರೆಯವರಿಗೆ ಜಾಗ ಬಿಟ್ಟುಕೊಡ್ತಾರೆ ಅಂದ್ಕೋತಾರೆ," ಎನ್ನುತ್ತಾ ಲಾಡಿಯಕ್ಕ ಸೂಜಿಗೆ ದಾರ ಪೋಣಿಸುತ್ತಾರೆ. "ಯಾಕೆ ನಿಂತಿದ್ದಾರೆ ಅಂತ ನಂಗೆ ಗೊತ್ತು."