ಕೊಂಡಿ ಬಿಚ್ಚಿದ ಟ್ರೇಲರ್

“ನಿಲ್ಲಿಸಬಾರದು ಅಂತ ನೀವು ಹೇಳೋದು ಸರಿ ಸಾರ್, ನಾನು ಇಲ್ಲ ಅನ್ನಲ್ಲ. ಆದರೆ ಇದನ್ನ ಇಲ್ಲಿ ನಿಲ್ಲಿಸಿದೋನು ನಾನಲ್ಲ, ನಮ್ಮಣ್ಣ. ಜೀಪು ಅವನದು, ಟ್ರೇಲರ್ ನಂದು. ಮೂವತ್ತೊಂದು ವರ್ಷ ಊರವರ ಮನೆ ಸಾಮಾನು ಸಾಗಿಸಿದ್ದೀವಿ. ಅವನು ಮುಂದೆ ಕೂತು ಓಡಿಸೋನು, ನಾನು ಹಿಂದೆ ಇದರೊಳಗೆ ಬೀರು, ಮಂಚ ಹಿಡ್ಕೊಂಡು ಕೂರೋನು. ನನಗೆ ಓಡಿಸೋಕೆ ಬರಲ್ಲ. ಅವನಿದ್ದನಲ್ಲ, ನಾನ್ಯಾಕೆ ಕಲೀಲಿ? ಎಂಟು ತಿಂಗಳಾಯ್ತು, ಮಗಳ ಊರಿಗೆ ಹೋದ. ಕೊಂಡಿ ಬಿಚ್ಚಿ ಇದನ್ನ ಇಲ್ಲೇ ಬಿಟ್ಟ. ಈಗ ನೀವು ತೆಗಿ ಅಂತೀರ. ಎಲ್ಲಿಗೆ ತೆಗೀಲಿ ಸಾರ್, ಜೇಬಲ್ಲಿಟ್ಕೊಳ್ಳಲಾ?”

ಟ್ರಾಫಿಕ್ ಪೊಲೀಸಿನವನು ಕೆಟ್ಟ ಮನುಷ್ಯನಲ್ಲ. ನಿಂತು ಕೇಳಿಸಿಕೊಂಡ. ಆಮೇಲೆ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಎಳೆಯುವ ಗಾಡಿಗೆ ಕಟ್ಟಿದ್ದರೆ ಟ್ರೇಲರ್ ರಸ್ತೆ ಬದಿಗೆ ನಿಲ್ಲಬಹುದು; ಬಿಚ್ಚಿದ್ದು ಒಂಟಿಯಾಗಿ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲುವಂತಿಲ್ಲ. ಅದಕ್ಕೆ ದೀಪವಿಲ್ಲ, ಬ್ರೇಕಿಲ್ಲ, ಕತ್ತಲಲ್ಲಿ ಯಾರಾದರೂ ಬಂದು ಗುದ್ದಿದರೆ ಯಾರು ಹೊಣೆ? ಏಳು ದಿನದೊಳಗೆ ಯಾವುದಾದರೂ ಗಾಡಿಗೆ ಕಟ್ಟಬೇಕು, ಇಲ್ಲವೇ ಕಾಂಪೌಂಡಿನ ಒಳಗೆ ಸೇರಿಸಬೇಕು. ಎರಡೂ ಆಗದಿದ್ದರೆ ಎಳೆದುಕೊಂಡು ಹೋಗುತ್ತಾರೆ. ಹೀಗೆ ಹೇಳಿ ಹಲಗೆಗೆ ಒಂದು ಚೀಟಿ ಅಂಟಿಸಿ ಹೋದ.

ಬೀದಿಯವರು ತಮ್ಮನನ್ನು ಕರೆಯುತ್ತಿದ್ದದ್ದು ಬಾಲ ಅಂತ. ಅಣ್ಣನ ಹಿಂದೆ ಟ್ರೇಲರು, ಟ್ರೇಲರಿನೊಳಗೆ ಇವನು, ಇನ್ನೇನು ಅನ್ನಬೇಕು? ಅವನಿಗೂ ಬೇಸರವಿರಲಿಲ್ಲ. ಇಬ್ಬರೂ ಮಾತಿಗೆ ಬಡವರು. ಜೀಪಿನ ಕನ್ನಡಿ ಒಡೆದು ಎಷ್ಟೋ ಕಾಲವಾಗಿತ್ತು, ಅಣ್ಣ ಹಾಕಿಸಲಿಲ್ಲ. ಹಿಂದೆ ತಿರುಗಿ ನೋಡುತ್ತಲೂ ಇರಲಿಲ್ಲ. ಬಾಲ ಹಲಗೆಯನ್ನು ಒಂದು ಸಲ ತಟ್ಟಿದರೆ ನಿಲ್ಲು, ಎರಡು ಸಲ ತಟ್ಟಿದರೆ ಹೊರಡು. ಅಷ್ಟರಲ್ಲೇ ಮೂವತ್ತೊಂದು ವರ್ಷ ನಡೆದುಹೋಗಿತ್ತು.

ಬೆಳಗ್ಗೆ ಮಾತ್ರ ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಬೀರು, ಕನ್ನಡಿಗಳಿಗೆ ಸುತ್ತುವ ಹನ್ನೊಂದು ಕಂಬಳಿ. ಒಂದು ತುದಿ ಅಣ್ಣ, ಇನ್ನೊಂದು ತುದಿ ತಮ್ಮ. ಕೊಡವಿ, ಮಡಚಿ, ಹತ್ತಿರ ಬಂದು ತುದಿ ಸೇರಿಸಬೇಕು. ಅಣ್ಣ ಹೋದ ಮೇಲೆ ಕೆಲಸ ನಿಂತಿತು, ಕಂಬಳಿ ಕೊಡವುವುದು ನಿಲ್ಲಲಿಲ್ಲ, ನುಸಿ ಹಿಡಿದರೆ? ಬಾಲ ಒಂದು ತುದಿಯನ್ನು ಟ್ರೇಲರಿನ ಹಿಂಬಾಗಿಲಿಗೆ ಸಿಕ್ಕಿಸಿ ಮಡಚುವುದು ಕಲಿತ. ಟ್ರೇಲರು ಹೋದರೆ ಅಣ್ಣನ ಕಡೆಯ ಆ ತುದಿಯೂ ಹೋದ ಹಾಗೆ.

ಮಾರನೆಯ ದಿನ ಅವನು ತನ್ನ ಸೈಕಲ್ಲನ್ನು ತಂದು ಸರಪಳಿಯಿಂದ ಕೊಂಡಿಗೆ ಬಿಗಿದ. ಸೈಕಲ್ಲೂ ಗಾಡಿಯೇ ಅಲ್ಲವೇ? ಪೊಲೀಸಿನವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಳೆಯೋ ಗಾಡಿ ಟ್ರೇಲರನ್ನ ಎಳೀಬೇಕು ಯಜಮಾನರೇ, ಇಲ್ಲಿ ಟ್ರೇಲರೇ ಸೈಕಲ್ಲನ್ನ ಎಳೆಯೋ ಹಾಗಿದೆ, ಅಂದ. ಎದುರು ಮನೆ ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ನಕ್ಕಳು. ಆಮೇಲೆ ತನ್ನ ಅಂಗಳದಲ್ಲಿ ಇಟ್ಟುಕೋ ಅಂತ ತಾನೇ ಕರೆದಳು. ಟೇಪು ಹಿಡಿದು ನೋಡಿದರೆ ಗೇಟು ಒಂದು ಗೇಣು ಕಿರಿದು.

ನಾಲ್ಕು ದಿನ ಹಾಗೇ ಕಳೆಯಿತು. ಅಣ್ಣ ಜೀಪು ತಂದು ನಿಲ್ಲಿಸಿದರೆ ಎಲ್ಲ ಬಗೆಹರಿಯುತ್ತದೆ ಅಂತ ಟೈಲರಮ್ಮ ದಿನಾ ಹೇಳಿದಳು. ಫೋನ್ ಮಾಡಿದರೆ ನಾಲಿಗೆ ಸವೆದುಹೋಗುತ್ತಾ ಅಂತ ಕೊನೆಗೆ ಗದರಿಯೂ ಬಿಟ್ಟಳು. ಎಂಟು ತಿಂಗಳಿಂದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ. ಬಿಟ್ಟು ಹೋದವನು ಅವನು, ಅವನೇ ಮಾಡಲಿ ಅಂತ ಇವನು. ಆರನೆಯ ದಿನ ಇವನೇ ಸೋತ.

ಅಣ್ಣ ಎತ್ತಿದ. ಮಗಳ ಅವಳಿ ಮಕ್ಕಳು ಹಿಂದೆ ಅಳುತ್ತಿದ್ದವು. ಟ್ರೇಲರಿನ ಕಥೆ ಪೂರ್ತಿ ಕೇಳಿ, ಕಣ್ಣು ಮಂಜಾಗಿದೆ ಕಣೋ, ಜೀಪು ಮಾರಿಬಿಟ್ಟೆ, ಅಂದ. ಬಾಲನಿಗೆ ಫೋನ್ ಇಡಬೇಕೋ ಬೇಡವೋ ತಿಳಿಯಲಿಲ್ಲ.

“ಅವತ್ತು ಊರು ಬಿಡೋವಾಗ ನಾನು ಎಂಜಿನ್ ಹಾಕ್ಕೊಂಡು ಎಷ್ಟು ಹೊತ್ತು ಕೂತಿದ್ದೆ, ನೆನಪಿದೆಯಾ?” ಅಂದ ಅಣ್ಣ.

“ಇದೆ.”

“ನೀನು ಒಂದು ಸಲ ತಟ್ಟಿದ್ದಿದ್ರೆ ಇಳಿದುಬಿಡ್ತಿದ್ದೆ. ಎರಡು ತಟ್ಟಿದೆ.”

ಬಾಲನಿಗೆ ಆ ಬೆಳಗು ಕಣ್ಣೆದುರು ಬಂತು. ಗಂಟುಮೂಟೆ ಜೀಪಿನ ಹಿಂದೆ ತುಂಬಿದ್ದು, ಬಾಗಿಲು ಹಾಕಿದ್ದು. ಸಾಮಾನು ತುಂಬಿ ಬಾಗಿಲು ಹಾಕಿದ ಮೇಲೆ ಕೈ ಇನ್ನೇನು ಮಾಡುತ್ತದೆ?

“ಅದು ಕೈ ಅಣ್ಣ,” ಅಂದ. “ನಾನಲ್ಲ.”

ಆ ಕಡೆ ಅಣ್ಣ ಅಳುವ ಮಗುವೊಂದನ್ನು ಎತ್ತಿಕೊಂಡು ಸಮಾಧಾನ ಮಾಡಿದ. ಆಮೇಲೆ, ಟ್ರೇಲರನ್ನ ಪೊಲೀಸರ ಪಾಲು ಮಾಡಬೇಡ, ದುಡಿಯೋರ ಕೈಗೆ ಕೊಡು, ಕಂಬಳಿ ಇಟ್ಕೋ, ಅಂದ.

ಏಳನೆಯ ದಿನ ಟ್ರೇಲರನ್ನು ಒಯ್ಯಲು ಗಿಡ ಮಾರುವವನೊಬ್ಬ ತನ್ನ ಜೀಪು ತಂದ. ಕೊಂಡಿ ಸಿಕ್ಕಿತು, ಕೀಲು ಕೂತಿತು. ಬಾಲ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಟ್ರೇಲರು ಈಗ ಎಷ್ಟು ದಿನ ಬೇಕಾದರೂ ರಸ್ತೆಯಲ್ಲಿ ನಿಲ್ಲಬಹುದಿತ್ತು. ಗಿಡದವನು ಮುಂದೆ ಕೂತು ಎಂಜಿನ್ ಹಾಕಿದ. ಬಾಲ ಹಿಂದೆ ಹೋಗಿ ಹಲಗೆಯ ಮೇಲೆ ಕೈಯಿಟ್ಟ. ಈ ಸಲ ಕೈಯನ್ನು ಅದರ ಪಾಡಿಗೆ ಬಿಡಲಿಲ್ಲ. ಒಂದೇ ಒಂದು ಸಲ ತಟ್ಟಿದ.

ಗಿಡದವನಿಗೆ ಆ ಲೆಕ್ಕ ಏನು ಗೊತ್ತು? ಸರಿ ಯಜಮಾನ್ರೇ ಬರ್ತೀನಿ ಅಂತ ಕೂಗಿ ಗಾಡಿ ಬಿಟ್ಟ. ತಿರುವಿನವರೆಗೂ ಕೊಂಡಿಯ ಸದ್ದು ಕೇಳಿಸುತ್ತಿತ್ತು.

ಬಾಲ ಕೋಣೆಗೆ ಬಂದು ಮೊದಲ ಕಂಬಳಿ ಎತ್ತಿಕೊಂಡ. ಅದರ ತುದಿಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಒತ್ತಿ ಹಾಕಿದ. ಹಿಡಿಯುತ್ತದೋ ಇಲ್ಲವೋ ಅಂತ ಎಳೆದು ನೋಡಿದ. ಮೂರು ಹೆಜ್ಜೆ ಹಿಂದೆ ಹೋಗಿ ಕೊಡವಿದ, ಮಡಚಿದ, ಬಾಗಿಲ ಹತ್ತಿರ ಬಂದು ತುದಿ ಸೇರಿಸಿದ. ಗೋಡೆ ಪಕ್ಕ ಇಟ್ಟು ಎರಡನೆಯದನ್ನು ತೆಗೆದುಕೊಂಡ.